ಯುದ್ಧದ ಸಿನಿಮಾ ನಿಜ ಅನ್ನಿಸೋದು ಯಾವುದರಿಂದ? ರಕ್ತದಿಂದಲೋ, ಸದ್ದಿನಿಂದಲೋ, ಸತ್ತವರ ಲೆಕ್ಕದಿಂದಲೋ?

ತುಮಕೂರು ಟಾಕೀಸ್ ಬರೆದದ್ದು:

ಯುದ್ಧದ ಸಿನಿಮಾಗಳ ನೈಜತೆ ಬಗ್ಗೆ ಮಾತು ಬಂದಾಗಲೆಲ್ಲ ಅದು 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ಆರಂಭದ ಕಡಲತೀರದ ದೃಶ್ಯಕ್ಕೇ ಬಂದು ನಿಲ್ಲುತ್ತೆ. ನಿಲ್ಲಬೇಕಾದ್ದೇ. 1998ರಲ್ಲಿ ಬಂದ ಆ ಚಿತ್ರಕ್ಕಾಗಿ ನಿರ್ದೇಶಕ ಸ್ಪೀಲ್‌ಬರ್ಗ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪಡೆ ಇಳಿದ ಫ್ರಾನ್ಸಿನ ನಾರ್ಮಂಡಿಯ ಒಮಾಹಾ ತೀರವನ್ನು ಐರ್ಲೆಂಡಿನ ವೆಕ್ಸ್‌ಫರ್ಡ್ ಕಡಲದಂಡೆಯಲ್ಲಿ ಕಟ್ಟಿದರು. ಐರಿಶ್ ಸೇನೆಯ ಮೀಸಲು ಪಡೆಯವರು ಸೈನಿಕರಾಗಿ ನಿಂತರು. ಕೈಕಾಲು ಹಾರಿಹೋಗುವ ಪಾತ್ರಗಳಿಗೆ ನಿಜವಾಗಿ ಅಂಗ ಕಳೆದುಕೊಂಡವರನ್ನೇ ಕರೆಸಿದರು. ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಲೆನ್ಸ್ ಮೇಲಿನ ಲೇಪನವನ್ನೇ ತೆಗೆಸಿ, ಶಟರ್ ಕಿರಿದು ಮಾಡಿ ಚಿತ್ರಿಸಿದರು. ಹಾಗಾಗಿ ಹಾರುವ ಮರಳಿನ ಒಂದೊಂದು ಕಣವೂ ಮಸುಕಾಗದೆ ಕಣ್ಣಿಗೆ ಚುಚ್ಚುತ್ತೆ. ಅಮೆರಿಕದ ಹಳೇ ಸೈನಿಕರು ಅದನ್ನು ನೋಡಿ ಎಷ್ಟು ಕಲಕಿಹೋದರು ಅಂದರೆ, ಅಲ್ಲಿನ ಮಾಜಿ ಸೈನಿಕರ ಇಲಾಖೆ ಅವರಿಗೆಂದೇ ಒಂದು ಸಹಾಯವಾಣಿ ತೆರೆಯಿತು.

ಆದರೂ ಆ ದೃಶ್ಯ ಮುಗಿದ ಮೇಲೆ ನನಗೆ ಉಸಿರು ಬಿಡೋಕೆ ಆಗುತ್ತೆ. ದಡ ಸಿಕ್ಕಿತು, ಬಂಕರ್ ಬಿತ್ತು, ಇನ್ನು ಕಥೆ ಶುರು ಅನ್ನೋ ಸಮಾಧಾನ ಬರುತ್ತೆ. ಎಲೆಮ್ ಕ್ಲಿಮೋವ್ 1985ರಲ್ಲಿ ಮಾಡಿದ ಸೋವಿಯತ್ ಸಿನಿಮಾ 'ಕಮ್ ಅಂಡ್ ಸೀ' ಆ ಸಮಾಧಾನವನ್ನು ಕೊಡೋದೇ ಇಲ್ಲ. 1943ರ ಬೆಲರೂಸ್. ಫ್ಲ್ಯೋರಾ ಅನ್ನೋ ಹುಡುಗ ಮರಳಲ್ಲಿ ಹೂತಿದ್ದ ಬಂದೂಕೊಂದನ್ನು ಬಗೆದು ತೆಗೆದು, ಕಾಡಲ್ಲಿದ್ದು ನಾಜಿಗಳ ವಿರುದ್ಧ ಹೋರಾಡುವವರ ಗುಂಪು ಸೇರ್ತಾನೆ. ಆಮೇಲೆ ಗ್ಲಾಶಾ ಅನ್ನೋ ಹುಡುಗಿ ಜೊತೆ ತನ್ನ ಊರಿಗೆ ವಾಪಸ್ ಬರ್ತಾನೆ. ಮನೆಯಲ್ಲಿ ಯಾರೂ ಇಲ್ಲ. ಒಲೆಯಲ್ಲಿಟ್ಟ ಸೂಪು ಇನ್ನೂ ಬೆಚ್ಚಗಿದೆ, ಇಬ್ಬರೂ ತಿನ್ನೋಕೆ ಕೂರ್ತಾರೆ. ತಂಗಿಯರ ಗೊಂಬೆಗಳು ನೆಲದ ಮೇಲೆ ಬಿದ್ದಿವೆ. ನೊಣಗಳ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರೂ ಜೌಗಿನ ಆಚೆ ಹೋಗಿ ಅಡಗಿರಬೇಕು ಅಂತ ಹುಡುಗ ಓಡೋಕೆ ಶುರುಮಾಡ್ತಾನೆ. ಹಿಂದೆ ಓಡ್ತಿರೋ ಗ್ಲಾಶಾ ಒಮ್ಮೆ ತಿರುಗಿ ನೋಡ್ತಾಳೆ. ಮನೆಯ ಹಿಂಗೋಡೆಗೆ ಒತ್ತಿ ಹೆಣಗಳ ರಾಶಿ. ಕಣ್ಣಿಗೆ ಬೀಳೋದು ಕೆಲವೇ ಕ್ಷಣ. ಫ್ಲ್ಯೋರಾ ಅದನ್ನು ನೋಡೋದಿಲ್ಲ, ಅಮ್ಮ ಬದುಕಿದ್ದಾಳೆ ಅಂತಲೇ ಓಡ್ತಾ ಇರ್ತಾನೆ.

ಒಂದು ತೀರದ ತುಂಬ ಹರಿದ ರಕ್ತಕ್ಕಿಂತ ಆ ಬೆಚ್ಚನೆಯ ಸೂಪು ನನ್ನನ್ನು ಹೆಚ್ಚು ಹಿಂಡಿತು. ಅಲ್ಲಿ ನನಗೆ ಗೊತ್ತಿರೋದು ಹುಡುಗನಿಗೆ ಗೊತ್ತಿಲ್ಲ, ನಾನು ಹೇಳೋ ಹಾಗೂ ಇಲ್ಲ. ಯುದ್ಧದಲ್ಲಿ ಉಳಿದವರ ಸಂಕಟ ಇದೇ ಇರಬೇಕು ಅನ್ನಿಸ್ತು. ನಿಮಗೆಲ್ಲ ಹೇಗೆ? ಯಾವ ಸಿನಿಮಾದಲ್ಲಿ ಯಾವ ಗಳಿಗೆ ನಿಜ ಅನ್ನಿಸಿತು, ಅದು ಯಾವುದರಿಂದ? ಬರೀ ಪಟ್ಟಿ ಕೊಡಬೇಡಿ, ದಯವಿಟ್ಟು ಬಿಡಿಸಿ ಬರೆಯಿರಿ.

ಮಿಕ್ಸಿಂಗ್ ಟೇಬಲ್ ಬರೆದದ್ದು:

ನಾನು ಸಿನಿಮಾ ಸೌಂಡ್ ಕೆಲಸದಲ್ಲಿರೋನು, ಆ ಕಡೆಯಿಂದ ಹೇಳ್ತೀನಿ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಒಂದು ಕಿಲೋಮೀಟರ್ ದೂರದಲ್ಲಿ ಶೆಲ್ ಬಿದ್ದರೆ ಬೆಳಕು, ಹೊಗೆ ಕಂಡ ಮೇಲೆ ಸುಮಾರು ಮೂರು ಸೆಕೆಂಡಿಗೆ ಸದ್ದು ಬರಬೇಕು. ನಮ್ಮ ಸಿನಿಮಾಗಳಲ್ಲಿ ಎರಡೂ ಒಟ್ಟಿಗೇ ಬರುತ್ತೆ. ತಡವಾಗಿ ಇಟ್ಟರೆ 'ಸಿಂಕ್ ಹೋಗಿದೆ' ಅಂತಾರೆ. ನನಗೆ ಇದು ಬಹಳ ದೊಡ್ಡ ನಷ್ಟ ಅನ್ನಿಸುತ್ತೆ. ಆ ಮೂರು ಸೆಕೆಂಡಲ್ಲೇ ಭಯ ಇರೋದು. ಹೊಗೆ ಎದ್ದಿದ್ದು ಕಾಣ್ತಿದೆ, ಯಾರಿಗೆ ಬಿತ್ತೋ ಗೊತ್ತಿಲ್ಲ, ಸದ್ದು ಇನ್ನೂ ಬಂದಿಲ್ಲ. ಅದನ್ನು ಅಳಿಸಿಬಿಟ್ಟರೆ ಉಳಿಯೋದು ಪಟಾಕಿ.

ಸೇವಿಂಗ್ ಪ್ರೈವೇಟ್ ರಯಾನ್‌ನಲ್ಲಿ ಗ್ಯಾರಿ ರೈಡ್‌ಸ್ಟ್ರಾಮ್ ಮಾಡಿದ ಧ್ವನಿ ವಿನ್ಯಾಸ ಪಾಠದ ಹಾಗಿದೆ. ಇಡೀ ಕಡಲತೀರದ ಕಾಳಗಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಎಲ್ಲಿ ಅಳಬೇಕು, ಎಲ್ಲಿ ಎದೆಯುಬ್ಬಿಸಬೇಕು ಅಂತ ಹೇಳಿಕೊಡೋ ವಯಲಿನ್ ಇಲ್ಲ. ಕ್ಯಾಮೆರಾ ನೀರೊಳಗೆ ಹೋದ ತಕ್ಷಣ ಎಲ್ಲ ಮಂಕಾಗುತ್ತೆ, ಮೇಲೆ ಬಂದ ಕೂಡಲೇ ಗದ್ದಲ ಮುಖಕ್ಕೆ ಹೊಡೆಯುತ್ತೆ. ಟಾಮ್ ಹ್ಯಾಂಕ್ಸ್ ಪಾತ್ರಕ್ಕೆ ಕಿವಿ ಮುಚ್ಚಿಹೋಗೋ ಗಳಿಗೆ ಇದೆಯಲ್ಲ, ಅದನ್ನು ಕ್ಲಿಮೋವ್ ಹದಿಮೂರು ವರ್ಷ ಮೊದಲೇ ಮಾಡಿದ್ದರು. ಕಾಡಿಗೆ ಬಾಂಬ್ ಬಿದ್ದ ಮೇಲೆ ಫ್ಲ್ಯೋರಾನ ಕಿವಿಯಲ್ಲಿ ಹುಟ್ಟೋ ಕೀರಲು ಸದ್ದು ಆ ದೃಶ್ಯಕ್ಕೆ ಮುಗಿಯೋದಿಲ್ಲ, ಮುಂದಿನ ದೃಶ್ಯಗಳಿಗೂ ಅವನ ಜೊತೆ ಬರುತ್ತೆ. ಅಂದರೆ ಟಾಕೀಸ್ ಅವರು ಹೇಳಿದ ಆ ಸೂಪಿನ ಮನೆಗೆ ಅವನು ಬರುವಾಗ ಅವನಿಗೆ ಸರಿಯಾಗಿ ಕಿವಿಯೇ ಕೇಳಿಸ್ತಿಲ್ಲ. ನಮಗೆ ನೊಣದ ಸದ್ದು ಅರ್ಥವಾಗುತ್ತೆ, ಅವನಿಗಿಲ್ಲ.

ಇನ್ನೊಂದು, 'ದಾಸ್ ಬೂಟ್', ವೋಲ್ಫ್‌ಗಾಂಗ್ ಪೀಟರ್‌ಸನ್, 1981. ಜರ್ಮನ್ ಜಲಾಂತರ್ಗಾಮಿಯ ಕಥೆ. 40,000 ಮಂದಿ ಹೋದರು, 30,000 ಮಂದಿ ತಿರುಗಿ ಬರಲಿಲ್ಲ ಅನ್ನೋ ಸಾಲಿನಿಂದಲೇ ಸಿನಿಮಾ ಶುರುವಾಗುತ್ತೆ. ಮೇಲೆ ಶತ್ರು ಹಡಗು ಹುಡುಕುತ್ತಿರುವಾಗ ಕೆಳಗಿರೋರು ಉಸಿರೂ ಬಿಗಿಹಿಡಿದು ಕೂರ್ತಾರೆ. ನೀರೊಳಗೆ ಸದ್ದು ಕಳಿಸಿ ಹುಡುಕೋ ಸೋನಾರಿನ ಟಿಂಗ್, ನೀರಿನ ಒತ್ತಡಕ್ಕೆ ಕಬ್ಬಿಣ ನರಳೋ ಸದ್ದು, ಅಷ್ಟೇ. ಬೆಂಕಿಯಿಲ್ಲ, ಶತ್ರುವಿನ ಮುಖವಿಲ್ಲ. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಅಂಗೈ ಬೆವರುತ್ತೆ.

ಮಾಜಿ ಸುಬೇದಾರ್, ಕೊಡಗು ಬರೆದದ್ದು:

ಸೌಂಡ್ ವಿಷಯ ಬರೆದವರಿಗೆ ನಮಸ್ಕಾರ. ನೀವು ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ರೈಫಲ್ ಗುಂಡು ಶಬ್ದಕ್ಕಿಂತ ಸುಮಾರು ಎರಡು ಪಟ್ಟು ವೇಗ. ನಿಮ್ಮ ಕಡೆ ಹಾರಿಸಿದರೆ ಮೊದಲು ಕೇಳುವುದು ಬಂದೂಕಿನ ಸದ್ದಲ್ಲ. ಗುಂಡು ಪಕ್ಕದಲ್ಲಿ ಹಾದುಹೋಗುವಾಗ ಚಟೀರ್ ಅಂತ ಒಂದು ಸದ್ದು. ಆಮೇಲೆ ದೂರದಿಂದ ಧಡ್ ಅಂತ ಬಂದೂಕಿನದ್ದು. ಎರಡರ ನಡುವಿನ ಹೊತ್ತು ಲೆಕ್ಕ ಹಾಕಿ ಶತ್ರು ಎಷ್ಟು ದೂರ ಅಂತ ಹೇಳುವುದನ್ನು ನಮಗೆ ಕಲಿಸುತ್ತಾರೆ. ಸಿನಿಮಾದಲ್ಲಿ ಇದನ್ನು ನಾನು ಕೇಳಿದ್ದು ಬಹಳ ಕಮ್ಮಿ.

ಹೀರೋ ಗುಂಡು ಹಾರಿಸುತ್ತಲೇ ಇರುತ್ತಾನೆ. ನಿಮಿಷಕ್ಕೆ 600 ಗುಂಡು ಹಾರಿಸುವ ರೈಫಲ್, ಮ್ಯಾಗಜೀನಿನಲ್ಲಿ 30. ಕುದುರೆ ಒತ್ತಿ ಹಿಡಿದರೆ ಮೂರು ಸೆಕೆಂಡಿಗೆ ಖಾಲಿ. ಆ ಗುಂಡುಗಳನ್ನು ಮೇಲಕ್ಕೆ ಹೊತ್ತುಕೊಂಡು ಬಂದವರು ಯಾರು? ಕಾರ್ಗಿಲ್‌ನಂಥ ಜಾಗದಲ್ಲಿ ಎಲ್ಲವೂ ಬೆನ್ನ ಮೇಲೇ ಬರಬೇಕು. ನೀರು, ಮದ್ದುಗುಂಡು, ಗಾಯಾಳುವನ್ನು ಇಳಿಸುವುದು, ಎಲ್ಲ. ಹದಿನಾರು ಸಾವಿರ ಅಡಿಯಲ್ಲಿ ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲಬೇಕು. ಅಂಥ ಏರು ಹತ್ತಿಕೊಂಡು ಯಾರೂ ಭಾಷಣ ಮಾಡುವುದಿಲ್ಲ, ಮಾಡಲು ಉಸಿರೇ ಇರುವುದಿಲ್ಲ. ಅಲ್ಲಿಯ ತೋಲೋಲಿಂಗ್ ಶಿಖರದ ಕೆಳಗೆ ನಿಂತು ಮೇಲೆ ನೋಡಿದವರಿಗೆ ಗೊತ್ತು. ಮೇಲಿದ್ದವನಿಗೆ ಶ್ರೀನಗರ–ಲೇಹ್ ರಸ್ತೆ ಪೂರ್ತಿ ಕಾಣುತ್ತದೆ, ಕೆಳಗಿದ್ದವನಿಗೆ ಅಡಗಲು ಒಂದು ಪೊದೆಯೂ ಇಲ್ಲ. ಕಲ್ಲು ಪೇರಿಸಿ ಮಾಡಿದ ಸಂಗರ್ ಒಂದೇ ಆಸರೆ.

ಹೆಚ್ಚಿನ ಹೊತ್ತು ಏನೂ ನಡೆಯುವುದಿಲ್ಲ. ಕಾಯುವುದು. ಚಳಿ ಕಾಯಿಸುವ ಬುಖಾರಿ ಒಲೆಯ ಹೊಗೆ, ಒದ್ದೆ ಕಾಲುಚೀಲ, ಪಹರೆ ಮುಗಿಸಿ ಬಂದವನ ಮಗ್ ಚಹಾ. ಹೀಗೆ ಕಾಯುವುದನ್ನು ತೋರಿಸಿದ ಸಿನಿಮಾ ಇದ್ದರೆ ಹೇಳಿ, ನೋಡುತ್ತೇನೆ.

ಮಿಕ್ಸಿಂಗ್ ಟೇಬಲ್ ಬರೆದದ್ದು:

ಸಾಬ್, ಆ ಚಟೀರ್–ಧಡ್ ವಿಷಯವನ್ನು ನನ್ನ ಮುಂದಿನ ಕೆಲಸದಲ್ಲಿ ಇಟ್ಟೇ ಇಡ್ತೀನಿ. ನಿರ್ದೇಶಕರು ಒಪ್ಪೋ ತನಕ ವಾದ ಮಾಡ್ತೀನಿ.

ಇತಿಹಾಸದ ಮಾಸ್ತರ, ಧಾರವಾಡ ಬರೆದದ್ದು:

ಇಲ್ಲಿ ತನಕಾ ಎಲ್ಲಾರೂ ಸದ್ದು, ಕ್ಯಾಮೆರಾ ಅಂದ್ರಿ. ನಾ ಸತ್ತವರ ಲೆಕ್ಕದ ಬಗ್ಗೆ ಮಾತಾಡತೀನ್ರಿ. ನಮ್ಮ ದೇಶದ ಯುದ್ಧದ ಸಿನಿಮಾ ಅಂದ್ರ ಮೊದಲು ಬರೂದು ಜೆ.ಪಿ. ದತ್ತಾ ಅವರ 1997ರ 'ಬಾರ್ಡರ್'. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣ್ಯಾದ ಮ್ಯಾಲೆ ಆದ ದಾಳಿ ಕಥಿ. 23 ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ, ಸುಮಾರು 120 ಮಂದಿ. ಎದುರಿಗೆ ನಲವತ್ತಕ್ಕೂ ಮಿಕ್ಕಿ ಟ್ಯಾಂಕು, ಎರಡು ಸಾವಿರದಷ್ಟು ಮಂದಿ. ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಠಾಣ್ಯಾ ಬಿಟ್ಟು ಹೋಗಲಿಲ್ಲ. ಇಷ್ಟು ಖರೇ.

ಸಿನಿಮಾದಾಗ ಪಾತ್ರಗಳು ಒಂದಾದ ಮ್ಯಾಲೆ ಒಂದು ಸಾಯತಾವ. ಖರೇ ಕಾಳಗದಾಗ ನಮ್ಮ ಕಡೆ ತೀರಿಕೊಂಡವರು ಇಬ್ಬರು. ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರ ಸಿನಿಮಾದಾಗ ವೀರಮರಣ ಹೊಂದತದ. ಆದ್ರ ಬಿಎಸ್‌ಎಫಿನ ಆ ಭೈರೋನ್ ಸಿಂಗ್ ರಾಠೋಡ್ ಯುದ್ಧ ಮುಗದ ಮ್ಯಾಲೆ ಐವತ್ತು ವರ್ಷ ಬಾಳಿ, 2022ರ ಡಿಸೆಂಬರದಾಗ ಜೋಧಪುರದಾಗ ತೀರಿಕೊಂಡರು. ಇಪ್ಪತ್ತೈದು ವರ್ಷ ಆ ಮನುಷ್ಯಾ ತನ್ನ ಸಾವನ್ನ ಪರದೆ ಮ್ಯಾಲೆ ಇಟಗೊಂಡು ಬದುಕಬೇಕಾತು. ಇದು ಸಣ್ಣ ಮಾತಲ್ಲರಿ.

ಇನ್ನ ಆ ರಾತ್ರಿ ಖರೇ ಏನಾತು ಅನ್ನೂದು ಸಿನಿಮಾಕಿಂತ ರೋಮಾಂಚನ ಅದ. ಠಾಣ್ಯಾದ ಮುಂದ ಹಾಕಿದ್ದ ಮುಳ್ಳುತಂತಿ ನೋಡಿ ಪಾಕಿಸ್ತಾನದ ಪಡೆ ಅಲ್ಲೆ ನೆಲಬಾಂಬು ಹೂತಾರ ಅಂತ ತಿಳದು ನಿಂತುಬಿಟ್ಟಿತು. ಜೈಸಲ್ಮೇರದಾಗಿನ ಹಂಟರ್ ವಿಮಾನಕ್ಕ ರಾತ್ರಿ ಹಾರಿ ದಾಳಿ ಮಾಡೂ ಸವಲತ್ತು ಇರಲಿಲ್ಲ. ಅಂದ್ರ ಠಾಣ್ಯಾದಾಗಿನ ಮಂದಿ ಮಾಡಬೇಕಾದ್ದು ಒಂದ: ಬೆಳಕು ಹರಿಯೂ ತನಕಾ ತಡಕೊಳ್ಳೂದು. ಸುಬೇದಾರ ಸಾಹೇಬ್ರು ಕೇಳಿದ ಕಾಯೂದು ಇಲ್ಲೇ ಇತ್ತಲ್ಲರಿ! ಹೊತ್ತು ಹುಟ್ಟಿದ ಕೂಡಲೇ ವಿಮಾನ ಬಂದವು, ಬಯಲಾಗ ನಿಂತ ಟ್ಯಾಂಕು ಒಂದೊಂದ ಸುಟ್ಟವು. ಇಷ್ಟು ಚಂದ ಕಥಿ ಕೈಯಾಗ ಇದ್ದೂ, ಸಾವು ಹೆಚ್ಚು ಮಾಡಿದ್ರ ಶೌರ್ಯ ಹೆಚ್ಚಾಗತದ ಅಂತ ಯಾಕ ತಿಳಕೊಂಡರು? ಇಬ್ಬರನ್ನಷ್ಟ ಕಳಕೊಂಡು ಠಾಣ್ಯಾ ಉಳಿಸಿದ್ದು ದೊಡ್ಡ ಶೌರ್ಯ ಅಲ್ಲೇನು?

ಹಾಸನದ ಹೈದ ಬರೆದದ್ದು:

ಮಾಸ್ತರೇ, ನೀವು ಹೇಳಿದ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಸಿನಿಮಾ ಅನ್ನೋದು ಕಡತ ಅಲ್ಲ. ನಮ್ಮಪ್ಪ ಸೇನೆಯಲ್ಲಿದ್ದರು. ನಮ್ಮೂರಿನ ಟೆಂಟಲ್ಲಿ ಆ ಸಿನಿಮಾ ಹಾಕಿದಾಗ ಸೈನಿಕರಿಗೆ ಪತ್ರ ಬರೋ ಹಾಡಿಗೆ ಎಷ್ಟು ಜನ ಹೆಂಗಸರು ಸೆರಗಲ್ಲಿ ಕಣ್ಣೊರೆಸಿಕೊಂಡರು ಅಂತ ನಾನು ಕಂಡಿದ್ದೇನೆ. ಅವರ್ಯಾರಿಗೂ ಟ್ಯಾಂಕಿನ ಲೆಕ್ಕ ಬೇಕಿರಲಿಲ್ಲ. ನಮ್ಮಮ್ಮನಿಗೆ ಯುದ್ಧ ಅಂದರೆ ಅಂಚೆಯವನು ಬರೋದು, ಬರದೇ ಇರೋದು. ಆ ಹಾಡಲ್ಲಿ ಇದ್ದಿದ್ದು ಅದೇ. ಅದು ನೈಜತೆ ಅಲ್ಲವಾ?

ಕನ್ನಡದ ಮಾತೇ ತಗೊಳ್ಳಿ. 1990ರ 'ಮುತ್ತಿನ ಹಾರ', ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ವಿಷ್ಣುವರ್ಧನ್ ಕೊಡಗಿನ ಸೈನಿಕ ಅಚ್ಚಪ್ಪ, ಸುಹಾಸಿನಿ ನರ್ಸ್ ಅನ್ನಪೂರ್ಣ. ಅದರಲ್ಲಿ ಶೆಲ್ ಸರಿಯಾಗಿ ಸಿಡಿಯುತ್ತಾ, ಸಮವಸ್ತ್ರದ ಪಟ್ಟಿ ಸರಿಯಾಗಿದೆಯಾ ಅಂತ ನೋಡೋಕೆ ಹೋದರೆ ನೂರು ತಪ್ಪು ಸಿಗಬಹುದು. ಆದರೆ ಯುದ್ಧ ಒಂದು ಮನೆಯಿಂದ ಒಬ್ಬೊಬ್ಬರನ್ನೇ, ಒಂದೊಂದು ಖುಷಿಯನ್ನೇ ಹೇಗೆ ಕಿತ್ತುಕೊಂಡು ಹೋಗುತ್ತೆ ಅನ್ನೋದನ್ನು ಅಷ್ಟು ನಿಚ್ಚಳವಾಗಿ ತೋರಿಸಿದ ಇನ್ನೊಂದು ಕನ್ನಡ ಸಿನಿಮಾ ನನಗೆ ಗೊತ್ತಿಲ್ಲ. ಹಂಸಲೇಖ ಸಂಗೀತ ಇಲ್ಲದೆ ಆ ಸಿನಿಮಾವನ್ನು ನೆನೆಸಿಕೊಳ್ಳೋಕೂ ಆಗಲ್ಲ. ಹಾಗಾಗಿ 'ಸಂಗೀತ ಇಲ್ಲದಿದ್ದರೇ ನಿಜ' ಅನ್ನೋದನ್ನು ನಾನು ಒಪ್ಪಲ್ಲ. ನಮ್ಮ ಜನ ದುಃಖವನ್ನು ಹಾಡಿಕೊಂಡೇ ಬಂದವರು.

ಮಾಜಿ ಸುಬೇದಾರ್, ಕೊಡಗು ಬರೆದದ್ದು:

ಹಾಸನದವರೇ, ಪತ್ರದ ಮಾತು ನೂರಕ್ಕೆ ನೂರು ನಿಜ. '56 ಎಪಿಒ' ಅಂತ ಸೇನಾ ಅಂಚೆ ಕಚೇರಿಯ ವಿಳಾಸ ಬರೆದ ಇನ್‌ಲ್ಯಾಂಡ್ ಲೆಟರ್ ಒಬ್ಬನಿಗೆ ಬಂದರೆ ಸೆಕ್ಷನ್‌ನವರೆಲ್ಲ ಓದಿಸಿಕೊಂಡು ಕೇಳುತ್ತಿದ್ದೆವು. ಮನೆಯಲ್ಲಿ ಹಸು ಈದಿದ್ದು, ಕಾಫಿಗೆ ರೇಟ್ ಇಲ್ಲದ್ದು, ಎಲ್ಲ ಎಲ್ಲರಿಗೂ ಗೊತ್ತು. ಆ ಹಾಡು ಸುಳ್ಳಲ್ಲ. ಮಾಸ್ತರ ಮಾತೂ ಸುಳ್ಳಲ್ಲ. ಬದುಕಿರುವವನನ್ನು ಸಾಯಿಸಬಾರದು. ಜೊತೆಯವರು ಯಾರು ಸತ್ತರು, ಯಾರು ಉಳಿದರು ಅನ್ನುವುದು ನಮಗೆ ಕಥೆಯ ವಿಷಯ ಅಲ್ಲ.

ತುಮಕೂರು ಟಾಕೀಸ್ ಬರೆದದ್ದು:

ಹೈದ ಅವರೇ, ಸಂಗೀತದ ಬಗ್ಗೆ ನೀವು ಹೇಳಿದ್ದನ್ನು ಒಪ್ತೀನಿ. ನನ್ನ ಆತಂಕ ಬೇರೆ. ಕಣ್ಣೀರು ತರಿಸೋ ಸಂಗೀತ ಒಂದು, ರಕ್ತ ಕುದಿಸೋ ಸಂಗೀತ ಇನ್ನೊಂದು.

ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋ 1973ರ ಒಂದು ಸಂದರ್ಶನದಲ್ಲಿ, ಯುದ್ಧದ ಮೇಲಿನ ಪ್ರತಿ ಸಿನಿಮಾವೂ ಕೊನೆಗೆ ಯುದ್ಧದ ಪರವೇ ಆಗಿಬಿಡುತ್ತೆ ಅನ್ನೋ ಅರ್ಥದ ಮಾತು ಹೇಳಿದ್ದರು. ಯಾಕೆ ಅಂತ ನೋಡಬೇಕಾದರೆ 2005ರ 'ಜಾರ್‌ಹೆಡ್' ನೋಡಿ. ಕೊಲ್ಲಿ ಯುದ್ಧಕ್ಕೆ ಹೊರಟ ಅಮೆರಿಕದ ಮರೀನ್ ಹುಡುಗರು 'ಅಪೊಕ್ಯಾಲಿಪ್ಸ್ ನೌ' ಚಿತ್ರದ ಹೆಲಿಕಾಪ್ಟರ್ ದಾಳಿಯನ್ನು ಕೇಕೆ ಹಾಕಿಕೊಂಡು ನೋಡ್ತಾರೆ. ಇದು ಆಂಥನಿ ಸ್ವಾಫರ್ಡ್ ಅನ್ನೋ ಮರೀನ್ ತನ್ನ ನೆನಪುಗಳ ಪುಸ್ತಕದಲ್ಲಿ ಬರೆದ ಸಂಗತಿಯಿಂದಲೇ ಬಂದದ್ದು. ಆ ಚಿತ್ರದ ನಿರ್ದೇಶಕ ಕೊಪ್ಪೊಲಾ ಯುದ್ಧದ ಹುಚ್ಚನ್ನು ತೋರಿಸೋಕೆ ಮಾಡಿದ ದೃಶ್ಯ, ಸೈನಿಕರಿಗೆ ಯುದ್ಧಕ್ಕೆ ಹೋಗೋ ಹುರುಪು ಕೊಟ್ಟಿತು. ಸಿನಿಮಾ ಅಷ್ಟು ಚೆನ್ನಾಗಿ ಚಿತ್ರಿಸಿದ್ದೇ ಅದಕ್ಕೆ ಕಾರಣ. ಮೇಲಿನಿಂದ ನೋಡಿದರೆ, ಲಯಬದ್ಧವಾಗಿ ನೋಡಿದರೆ, ಯಾವ ನಾಶವೂ ಸೊಗಸಾಗಿ ಕಾಣುತ್ತೆ.

ನೈಜತೆ ಅಂದರೆ ಕ್ಯಾಮೆರಾ ಎಲ್ಲಿ ನಿಲ್ಲುತ್ತೆ ಅನ್ನೋದೂ ಹೌದು ಅಂತ ನನಗೆ ಅದರಿಂದಲೇ ಹೊಳೆದದ್ದು. 'ಕಮ್ ಅಂಡ್ ಸೀ' ನೋಡಿ ಕೇಕೆ ಹಾಕೋಕೆ ಸಾಧ್ಯವೇ ಇಲ್ಲ. ಅಲ್ಲಿ ಕ್ಯಾಮೆರಾ ಯಾವತ್ತೂ ಕೊಲ್ಲುವವನ ಜೊತೆ ಹಾರೋದಿಲ್ಲ. ಆ ಹುಡುಗನ ಮುಖದ ಮುಂದೆ ಬಂದು ನಿಲ್ಲುತ್ತೆ, ಅವನು ನೇರವಾಗಿ ನಮ್ಮನ್ನೇ ನೋಡ್ತಾನೆ. ಆರಂಭದಲ್ಲಿ ನಗುವ ಕೆನ್ನೆ, ಕೊನೆಗೆ ಮುದುಕನ ಸುಕ್ಕು. ಸಿನಿಮಾದ ಕಾಳಗವೆಲ್ಲ ಆ ಮುಖದ ಮೇಲೇ ಆಗೋದು.

ಮಂಗಳೂರು ಕಡಲು ಬರೆದದ್ದು:

ನಾನು ಬೆಲರೂಸ್‌ನಲ್ಲಿ ಮೆಡಿಕಲ್ ಓದಿದವಳು. ನಮ್ಮ ಕರ್ನಾಟಕದ ಮಕ್ಕಳು ಬಹಳ ಜನ ಅಲ್ಲಿ ಓದಿದ್ದಾರೆ. ಮಿನ್ಸ್ಕ್ ಹತ್ತಿರ ಖಾತೀನ್ ಅನ್ನುವ ಸ್ಮಾರಕ ಇದೆ, ಅದನ್ನು ನೋಡಿದ ಮೇಲೆ ಆ ಸಿನಿಮಾ ನನಗೆ ಬೇರೆಯೇ ಆಯಿತು.

1943ರ ಮಾರ್ಚ್ 22ರಂದು ಆ ಹಳ್ಳಿಯ ಜನರನ್ನೆಲ್ಲ ಒಂದು ಕಣಜದ ಕೊಟ್ಟಿಗೆಗೆ ತುಂಬಿ ಬೆಂಕಿ ಹಚ್ಚಿದರು. 149 ಜನ ಸತ್ತರು, ಅದರಲ್ಲಿ 75 ಮಕ್ಕಳು. ಹಚ್ಚಿದವರಲ್ಲಿ ಜರ್ಮನ್ನರು ಮಾತ್ರ ಅಲ್ಲ, ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಸಹಾಯಕ ಪೊಲೀಸರೂ ಇದ್ದರು. ಸಿನಿಮಾದಲ್ಲೂ ಅವರನ್ನು ಮುಚ್ಚಿಡದೆ ತೋರಿಸಿದ್ದಾರೆ. ಈಗ ಅಲ್ಲಿ ಸುಟ್ಟುಹೋದ 26 ಮನೆಗಳ ಜಾಗದಲ್ಲಿ 26 ಚಿಮಣಿಗಳ ಆಕಾರದ ಕಂಬಗಳಿವೆ. ಅವುಗಳ ಮೇಲಿನ ಗಂಟೆಗಳು ಮೂವತ್ತು ಸೆಕೆಂಡಿಗೊಮ್ಮೆ ಹೊಡೆಯುತ್ತವೆ. ಸತ್ತ ಮಗನನ್ನು ಎರಡೂ ಕೈಯಲ್ಲಿ ಎತ್ತಿ ನಿಂತ ಮುದುಕನ ದೊಡ್ಡ ಪ್ರತಿಮೆ ಇದೆ, ಅದು ಬದುಕಿ ಉಳಿದ ಇಯೋಸಿಫ್ ಕಮಿನ್‌ಸ್ಕಿ ಅವರದ್ದು. ಮೂರು ಬರ್ಚ್ ಮರಗಳು, ನಾಲ್ಕನೆಯದರ ಜಾಗದಲ್ಲಿ ಉರಿಯುವ ಜ್ಯೋತಿ. ಆ ದೇಶದ ನಾಲ್ವರಲ್ಲಿ ಒಬ್ಬರು ಯುದ್ಧದಲ್ಲಿ ಹೋದರು ಅಂತ ಅದರ ಅರ್ಥ.

ಸಿನಿಮಾದ ಕೊನೆಗೆ ಬರುವ ಸಾಲು, 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರು ಅನ್ನುವುದು, ಇಂಥ ನೆಲದಿಂದ ಬಂದದ್ದು. ಚಿತ್ರಕಥೆ ಬರೆದ ಅಲೆಸ್ ಅದಮೋವಿಚ್ ಹುಡುಗನಾಗಿದ್ದಾಗ ತಾನೇ ಕಾಡಿನ ಹೋರಾಟದಲ್ಲಿದ್ದವರು. ಆಮೇಲೆ ಇನ್ನಿಬ್ಬರು ಲೇಖಕರ ಜೊತೆ ಹಳ್ಳಿ ಹಳ್ಳಿ ಸುತ್ತಿ ಬದುಕಿ ಉಳಿದವರ ಮಾತನ್ನು ಕೇಳಿ ಪುಸ್ತಕ ಮಾಡಿದ್ದರು. ಒಲೆಯ ಮೇಲಿನ ಬೆಚ್ಚಗಿನ ಊಟದಂಥ ವಿವರ ಆಫೀಸಿನಲ್ಲಿ ಕೂತು ಹೊಳೆಯುವಂಥದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಉಳಿದವರ ಬಾಯಿಂದ ಕೇಳಿದವರಿಗೆ ಮಾತ್ರ ಅಂಥದ್ದು ಸಿಗುತ್ತದೆ. ಸೋವಿಯತ್ ಅಧಿಕಾರಿಗಳು ಈ ಚಿತ್ರಕಥೆಯನ್ನು ಎಷ್ಟೋ ವರ್ಷ ಒಪ್ಪಿರಲಿಲ್ಲ. ಮುಗಿಸಿದ ಮೇಲೆ ಕ್ಲಿಮೋವ್ ಮತ್ತೆ ಸಿನಿಮಾನೇ ಮಾಡಲಿಲ್ಲ.

ಹಾಸನದ ಹೈದ ಬರೆದದ್ದು:

ಅಕ್ಕ, ನೀವು ಬರೆದದ್ದು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಒಂದು ಪ್ರಶ್ನೆ ಮಾತ್ರ ಕೇಳಲೇಬೇಕು. ಆ ಚಿತ್ರದಲ್ಲಿ ಕೆಲವು ಕಡೆ ನಿಜವಾದ ಗುಂಡು ಹಾರಿಸಿದ್ದರು, ತಲೆಯ ಸ್ವಲ್ಪ ಮೇಲೇ ಹೋಗುತ್ತಿತ್ತು ಅಂತ ಫ್ಲ್ಯೋರಾನಾಗಿ ನಟಿಸಿದ ಅಲೆಕ್ಸಿ ಕ್ರಾವ್ಚೆಂಕೋ ಅವರೇ ಆಮೇಲೆ ಹೇಳಿದ್ದಾರಲ್ಲ. ಆಗ ಅವನು ಹೈಸ್ಕೂಲ್ ವಯಸ್ಸಿನ ಹುಡುಗ. ಮಕ್ಕಳ ಮೇಲಿನ ಕ್ರೌರ್ಯ ತೋರಿಸೋಕೆ ಒಂದು ಮಗುವಿನ ಜೀವವನ್ನೇ ಪಣಕ್ಕಿಡಬಹುದಾ? ನೋಡುವವನಿಗೆ ಅದರಿಂದ ಏನು ಹೆಚ್ಚು ಸಿಕ್ಕಿತು?

ಮಂಗಳೂರು ಕಡಲು ಬರೆದದ್ದು:

ಇಡಬಾರದು. ಅದರಲ್ಲಿ ನನಗೆ ಎರಡು ಮಾತಿಲ್ಲ. ಸಿನಿಮಾ ಎಷ್ಟು ದೊಡ್ಡದಾದರೂ ಅದು ಆ ಗುಂಡಿಗೆ ಸಮರ್ಥನೆ ಆಗುವುದಿಲ್ಲ. ಮತ್ತೆ ಆ ಸಿನಿಮಾದ ಶಕ್ತಿ ಗುಂಡಿನಿಂದ ಬಂದದ್ದೂ ಅಲ್ಲ. ಸೂಪಿನ ದೃಶ್ಯದಲ್ಲಿ ಒಂದು ಗುಂಡೂ ಹಾರುವುದಿಲ್ಲವಲ್ಲ.

ಇತಿಹಾಸದ ಮಾಸ್ತರ, ಧಾರವಾಡ ಬರೆದದ್ದು:

ಹಾಸನದ ತಮ್ಮಾ, ಛಲೋ ಕೇಳಿದಿ. 1936ರಾಗ ಹಾಲಿವುಡ್‌ನಾಗ 'ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್' ಮಾಡುವಾಗ ಓಡೂ ಕುದರಿ ಕಾಲಿಗೆ ತಂತಿ ಕಟ್ಟಿ ಕೆಡವತಿದ್ದರು. ಭಾಳ ಕುದರಿ ಸತ್ತವು. ಆ ಗದ್ದಲದ ಮ್ಯಾಲೇ ಇಂಥಾ ತಂತಿಗೆ ತಡೆ ಬಂತು.

ಖರೇ ಚಿತ್ರ, ಮಾಡಿದ ಚಿತ್ರ ಅನ್ನೂದರ ಬಗ್ಗೆ ಇನ್ನೊಂದು ಹೇಳತೀನಿ. 1916ರಾಗ ಬ್ರಿಟನ್ನಿನಾಗ 'ದಿ ಬ್ಯಾಟಲ್ ಆಫ್ ದಿ ಸೋಮ್' ಅಂತ ಚಿತ್ರ ಬಂತು. ಯುದ್ಧ ಇನ್ನೂ ನಡದಿತ್ತು, ಕ್ಯಾಮೆರಾದವರು ಫ್ರಾನ್ಸಿಗೆ ಹೋಗಿ ತಗದದ್ದು. ಕೋಟಿಗಟ್ಟಲೆ ಮಂದಿ ನೋಡಿದರು, ತಮ್ಮ ಮಗಾ, ಗಂಡಾ ಕಾಣತಾನೇನೋ ಅಂತ ಪರದೆ ಮ್ಯಾಲೆ ಹುಡುಕಿದರು. ಅದರಾಗ ಎಲ್ಲಾರಿಗೂ ನೆನಪಿರೂ ತುಣುಕು ಅಂದ್ರ ಸೈನಿಕರು ಕಂದಕದಿಂದ ಮ್ಯಾಲೆ ಹತ್ತೂದು, ಒಬ್ಬಾವ ಅಲ್ಲೆ ಜಾರಿ ಬೀಳೂದು. ಆ ತುಣುಕು ಖರೇ ದಾಳಿದಲ್ಲ, ರಣರಂಗದ ಹಿಂದ ತರಬೇತಿ ಜಾಗಾದಾಗ ಆಡಿಸಿ ತಗದದ್ದು ಅಂತ ಇತಿಹಾಸಕಾರರು ತೋರಿಸ್ಯಾರ. ಅದೇ ಚಿತ್ರದಾಗ ಗಾಯಾಳುಗಳನ್ನ ಹೊತ್ತು ತರೂದು, ಆ ಬಳಲಿದ ಮುಖಾ, ಅವು ಖರೇ. ಇವತ್ತ ನೋಡಿದ್ರ ನನ್ನ ಕಣ್ಣು ಆ ಮುಖದ ಮ್ಯಾಲೆ ನಿಲ್ಲತದ, ಜಾರಿ ಬೀಳೂ ಮನುಷ್ಯಾನ ಮ್ಯಾಲೆ ಅಲ್ಲ. ನಾ ಸಾಲ್ಯಾಗ ಹುಡುಗರಿಗೆ ಎರಡೂ ತೋರಿಸಿ, ಯಾವುದು ಆಡಿಸಿದ್ದು ಹೇಳ್ರಿ ಅಂತೀನಿ. ಭಾಳ ಹುಡುಗರು ಗುರುತು ಹಿಡೀತಾರ.

ಜಯಚಾಮರಾಜೇಂದ್ರ ನಗರ ಬರೆದದ್ದು:

ಕುದುರೆ ಮಾತು ಬಂತಲ್ಲ, ಅದಕ್ಕೇ ಬರೀತಿದ್ದೀನಿ. ಬೆಂಗಳೂರಿನ ನಮ್ಮ ಏರಿಯಾದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಪಕ್ಕದಲ್ಲೇ ಓಡಾಡೋ ಎಷ್ಟೋ ಜನಕ್ಕೆ ಅದೇನು ಅಂತ ಗೊತ್ತಿಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಆಟೊಮನ್ ಮತ್ತು ಜರ್ಮನ್ ಪಡೆಗಳಿಂದ ಬಿಡಿಸಿದ್ದು ಜೋಧಪುರ, ಮೈಸೂರು ಲ್ಯಾನ್ಸರ್‌ಗಳು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಈಟಿ, ಕತ್ತಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆ ಹತ್ತಿದರು, ಜೋಧಪುರದವರು ಕೆಳಗಿನಿಂದ ನುಗ್ಗಿದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದ್ದು.

ಆ ದಿನದ ಲೆಕ್ಕ ನೋಡಿ: ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡದ್ದು 83. ಇದನ್ನು ಸಿನಿಮಾ ಮಾಡಿದರೆ ಏನಾಗುತ್ತೆ ಅಂತ ನನಗೆ ಭಯ ಇದೆ. ನಿಧಾನಗತಿಯಲ್ಲಿ ಕುದುರೆ ಓಡಿಸಿ, ಬಾವುಟ ಹಾರಿಸಿ, ಕೊನೆಗೆ ಎಂಟರ ಬದಲು ಎಂಬತ್ತು ಜನರನ್ನು ಸಾಯಿಸುತ್ತಾರೆ. ನನಗೆ ನೋಡಬೇಕು ಅನ್ನಿಸೋದು ಮಾರನೇ ದಿನ. ಮೈಸೂರಿನಿಂದ ಹೋದ ಒಬ್ಬ ಸವಾರ, ತನ್ನ ಕೈಯಾರೆ ಮೇವು ಹಾಕಿ ಮೈ ಉಜ್ಜಿದ ಕುದುರೆ ಇಲ್ಲದೆ, ಜೀನು ಹೊತ್ತುಕೊಂಡು ಆ ಬೆಟ್ಟದ ಬುಡದಲ್ಲಿ ಏನು ಮಾಡಿದ? ಯಾರ ಭಾಷೆಯಲ್ಲಿ ಅತ್ತ? ಕನ್ನಡದಲ್ಲಿ ಯಾರಾದರೂ ಈ ಸಿನಿಮಾ ಮಾಡಬೇಕು. ಕಂಪ್ಯೂಟರ್ ಗ್ರಾಫಿಕ್ಸ್ ಇರೋ ಕಾಲ ಇದು, ಒಂದು ಕುದುರೆಯೂ ಬೀಳದೆ ಮಾಡಬಹುದು.

ಮಾಜಿ ಸುಬೇದಾರ್, ಕೊಡಗು ಬರೆದದ್ದು:

ನಾನೂ ಒಂದು ಕಥೆ ಕೊಡುತ್ತೇನೆ. 1948ರ ನವೆಂಬರ್ 1, ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿ ಲಾ ಕಣಿವೆ. ನಮ್ಮ ಕೊಡಗಿನವರೇ ಆದ ತಿಮ್ಮಯ್ಯನವರು ಆಗ ಅಲ್ಲಿಯ ಡಿವಿಷನ್ ಕಮಾಂಡರ್. ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಕಣಿವೆಗೆ ಟ್ಯಾಂಕ್ ಬರುತ್ತದೆ ಅಂತ ಶತ್ರು ಕನಸಿನಲ್ಲೂ ಎಣಿಸಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹೋದವು, ಕಣಿವೆ ಸಿಕ್ಕಿತು. ಎಲ್ಲರೂ ಹೇಳುವುದು ಟ್ಯಾಂಕಿನ ಮಾತು. ಬಾಲ್ಟಾಲ್‌ನಿಂದ ಮೇಲೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ. ಅದನ್ನು ಟ್ಯಾಂಕ್ ಹೋಗುವ ಹಾಗೆ ಅಗಲ ಮಾಡಿಕೊಟ್ಟವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ಅವರ ಸೆಂಟರ್ ಬೆಂಗಳೂರಿನ ಹಲಸೂರಿನಲ್ಲೇ ಇದೆ. ಚಳಿಯಲ್ಲಿ ಬಂಡೆ ಒಡೆದವರನ್ನು ತೋರಿಸುವ ಸಿನಿಮಾ ಯಾರು ಮಾಡುತ್ತಾರೆ? ಗುದ್ದಲಿ, ಹಾರೆ, ಸಿಡಿಮದ್ದು. ನನ್ನನ್ನು ಕೇಳಿದರೆ ಅರ್ಧ ಸಿನಿಮಾ ಅವರದ್ದಾಗಬೇಕು. ಟ್ಯಾಂಕ್ ಕೊನೆಯ ಹತ್ತು ನಿಮಿಷ ಬಂದರೆ ಸಾಕು, ಆಗ ನೋಡುವವರಿಗೆ ಅದರ ಬೆಲೆ ತಿಳಿಯುತ್ತದೆ.

ಅಮ್ಮನ ಡೈರಿ ಬರೆದದ್ದು:

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಮಗಳಿಗೆ ಹನ್ನೆರಡು ವರ್ಷ. ಮೊಬೈಲ್ ಗೇಮಿನಲ್ಲಿ ದಿನಾ ಯುದ್ಧ ಆಡ್ತಾಳೆ. ಯುದ್ಧ ಅಂದರೆ ಏನು ಅಂತ ಅವಳಿಗೆ ಅರ್ಥವಾಗೋ ಒಂದು ಸಿನಿಮಾ ತೋರಿಸಬೇಕು. 'ಕಮ್ ಅಂಡ್ ಸೀ' ಅವಳ ವಯಸ್ಸಿಗೆ ಆಗಲ್ಲ ಅಂತ ನೀವು ಬರೆದದ್ದರಿಂದಲೇ ತಿಳೀತು. ಬೇರೆ ಏನಾದರೂ ಇದೆಯಾ?

ಮಂಗಳೂರು ಕಡಲು ಬರೆದದ್ದು:

'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. 1988ರ ಜಪಾನಿ ಆನಿಮೇಷನ್, ಇಸಾವೊ ತಕಹಾತಾ ಮಾಡಿದ್ದು. 1945ರಲ್ಲಿ ಕೋಬೆ ನಗರದ ಮೇಲೆ ಬೆಂಕಿಬಾಂಬು ಬಿದ್ದ ಮೇಲೆ ಅಮ್ಮನನ್ನು ಕಳೆದುಕೊಂಡ ಅಣ್ಣ ಸೇಯ್ತಾ, ಪುಟ್ಟ ತಂಗಿ ಸೆತ್ಸುಕೊ, ಇಬ್ಬರೇ ಬದುಕಲು ಹೆಣಗುವ ಕಥೆ. ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ ಅವರ ತಂಗಿ ಯುದ್ಧದ ಕಾಲದಲ್ಲಿ ನಿಜವಾಗಿ ಹಸಿವಿನಿಂದ ಸತ್ತಳು. ಕೈಯಲ್ಲಿ ಬಿಡಿಸಿದ ಚಿತ್ರಗಳಷ್ಟೇ, ಆದರೂ ಹಣ್ಣಿನ ಪೆಪ್ಪರ್ಮಿಂಟ್ ಖಾಲಿಯಾದ ಡಬ್ಬಿಗೆ ಅಣ್ಣ ನೀರು ಹಾಕಿ ಕೊಟ್ಟದ್ದನ್ನು ಸೆತ್ಸುಕೊ ಕುಡಿಯುವುದನ್ನು ಕಂಡವರು ಮರೆಯಲಾರರು. ಡಾಕ್ಟರ್ ಆಗಿ ಹೇಳುತ್ತೇನೆ, ಅಪೌಷ್ಟಿಕತೆ ಮಗುವಿನ ಮೈಮೇಲೆ ಕಾಣಿಸಿಕೊಳ್ಳುವ ಬಗೆ ಅದರಲ್ಲಿ ನಿಜ ಅನ್ನಿಸುವ ಹಾಗಿದೆ: ಚರ್ಮದ ಗುಳ್ಳೆ, ಭೇದಿ, ನಿಸ್ತ್ರಾಣ. ಸೈನಿಕರ ಕಾಳಗ ಇಡೀ ಸಿನಿಮಾದಲ್ಲಿ ಇಲ್ಲ. ಹನ್ನೆರಡಕ್ಕೆ ನೋಡಬಹುದು, ಆದರೆ ನೀವೂ ಪಕ್ಕದಲ್ಲಿ ಕೂತು ನೋಡಿ. ಹುಡುಗ ಸಾಯುತ್ತಾನೆ ಅಂತ ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತಾರೆ, ಅವಳಿಗೂ ಮುಂಚೆ ತಿಳಿಸಿ.

ಅಮ್ಮನ ಡೈರಿ ಬರೆದದ್ದು:

ಥ್ಯಾಂಕ್ಸ್ ಡಾಕ್ಟ್ರೇ. ಭಾನುವಾರ ಇಬ್ಬರೂ ಕೂತು ನೋಡ್ತೀವಿ.

ಮಾಜಿ ಸುಬೇದಾರ್, ಕೊಡಗು ಬರೆದದ್ದು:

ಸೌಂಡ್‌ನವರೇ, ನೀವು ಹೇಳಿದ ಆ ಸಬ್‌ಮರೀನ್ ಸಿನಿಮಾ ಹುಡುಕಿದೆ. ಬೇರೆ ಬೇರೆ ಉದ್ದದ್ದು ಇದೆ ಅಂತ ಮಗ ಹೇಳುತ್ತಾನೆ. ಯಾವುದು ನೋಡುವುದು?

ಮಿಕ್ಸಿಂಗ್ ಟೇಬಲ್ ಬರೆದದ್ದು:

ಸಾಬ್, 1981ರಲ್ಲಿ ಥಿಯೇಟರಿಗೆ ಬಂದದ್ದು ಎರಡೂವರೆ ಗಂಟೆಯದು. ಟಿವಿಗೆ ಮಾಡಿದ ಸರಣಿ ಸುಮಾರು ಐದು ಗಂಟೆ. 1997ರಲ್ಲಿ ಪೀಟರ್‌ಸನ್ ಅವರೇ ಮತ್ತೆ ಜೋಡಿಸಿದ್ದು ಮೂರೂವರೆ ಗಂಟೆ ಹತ್ತಿರ, ಅದರಲ್ಲಿ ಧ್ವನಿಯನ್ನೂ ಹೊಸದಾಗಿ ಮಾಡಿದ್ದಾರೆ. ಮೊದಲು ಅದನ್ನು ನೋಡಿ. ಇಂಗ್ಲಿಷ್ ಡಬ್ಬಿಂಗ್ ಬೇಡ, ಜರ್ಮನ್‌ನಲ್ಲೇ ಸಬ್‌ಟೈಟಲ್ ಹಾಕಿಕೊಂಡು, ಸಾಧ್ಯವಾದರೆ ಹೆಡ್‌ಫೋನಲ್ಲಿ. ಬಹಳ ಹೊತ್ತು ಅವರಿಗೆ ಒಂದು ಹಡಗೂ ಸಿಗೋದಿಲ್ಲ. ಗಡ್ಡ ಬೆಳೆಯುತ್ತೆ, ರೊಟ್ಟಿಗೆ ಬೂಸ್ಟು ಬರುತ್ತೆ, ಬೈದಾಡ್ತಾರೆ, ಸುಮ್ಮನಾಗ್ತಾರೆ. ನೀವು ಕೇಳಿದ ಕಾಯುವಿಕೆ ಅದರಲ್ಲಿದೆ. ನೋಡಿದ ಮೇಲೆ ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಇಲ್ಲೇ ಬರೆಯಿರಿ, ಕಾಯ್ತಿರ್ತೀನಿ.